ಒಂದೇ ಗಡಸುತನ, ಬೇರೆ ಬೇರೆ ಬಾಳಿಕೆ: ಸ್ಪ್ರಿಂಗ್ ಉಕ್ಕಿನ ಹದದ ಬಗ್ಗೆ

(ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಕಾರ್ಖಾನೆಗಳ ಮಾಲೀಕರು, ಭಟ್ಟಿ ನಡೆಸುವ ಕೆಲಸಗಾರರು ಹಾಗೂ ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ.)

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಸ್ಪ್ರಿಂಗ್ ಮಾಡಿಸುವವರು ಕೊಡುವ ಡ್ರಾಯಿಂಗಿನ ಮೂಲೆಯಲ್ಲಿ ಹೀಟ್ ಟ್ರೀಟ್‌ಮೆಂಟ್ (ಉಕ್ಕನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಕಡಿಮೆ ಉಷ್ಣತೆಗೆ ಕಾಯಿಸಿ ಹದ ಹಾಕುವ ಕೆಲಸ) ಕುರಿತು ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ: ಗಡಸುತನ ರಾಕ್‌ವೆಲ್ ಸಿ 42ರಿಂದ 46. ಭಟ್ಟಿಯಿಂದ ಹೊರಬಂದ ಮಾಲಿನ ಮೇಲೆ ಯಂತ್ರದ ಮೊನೆಯನ್ನು ಒತ್ತಿ ನೋಡಿದಾಗ 44 ಬಂದರೆ ಮಾಲು ಪಾಸಾಗುತ್ತದೆ, ಬಿಲ್ಲೂ ಆಗುತ್ತದೆ. ಆದರೆ ಅದೇ 44 ತೋರಿಸಿದ, ಲಾರಿಯ ಭಾರ ಹೊರುವ ಎರಡು ಕಮಾನು ಪಟ್ಟಿಗಳಲ್ಲಿ (ಲೀಫ್ ಸ್ಪ್ರಿಂಗ್) ಒಂದು ಕಬ್ಬಿನ ಹಲವು ಹಂಗಾಮುಗಳ ಭಾರವನ್ನು ಹೊತ್ತು ಬಾಳಬಹುದು. ಇನ್ನೊಂದು ಮೊದಲ ಹಂಗಾಮಿನಲ್ಲೇ ನಡುವಿನ ಬೋಲ್ಟಿನ ತೂತಿನ ಬಳಿ ಮುರಿಯಬಹುದು. ಗಡಸುತನವು ಉಕ್ಕು ಕೊನೆಗೆ ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ತಿಳಿಸುತ್ತದೆಯೇ ಹೊರತು, ಯಾವ ದಾರಿಯಿಂದ ಬಂತು ಎಂಬುದನ್ನು ತಿಳಿಸುವುದಿಲ್ಲ. ಸ್ಪ್ರಿಂಗಿನ ಬಾಳಿಕೆಯನ್ನು ಬಹುಮಟ್ಟಿಗೆ ಆ ದಾರಿಯೇ ನಿರ್ಧರಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಇಂದು ಹೇಳಬೇಕಾಗಿರುವುದೂ ಅದೇ.

ಮೊದಲಿಗೆ ಹೀಟ್ ಟ್ರೀಟ್‌ಮೆಂಟ್‌ನಿಂದ ಆಗದ ಒಂದು ಕೆಲಸವನ್ನು ಸ್ಪಷ್ಟಪಡಿಸಿಕೊಳ್ಳೋಣ. ಸ್ಪ್ರಿಂಗ್ ಮೆತ್ತಗಾಯಿತು, ಇನ್ನಷ್ಟು ಗಡಸು ಮಾಡಿ ಬಿಗಿ ಹೆಚ್ಚಿಸಿಕೊಡಿ ಎಂದು ಗ್ರಾಹಕರು ಕೇಳುವುದುಂಟು. ಇಂತಿಷ್ಟು ಭಾರಕ್ಕೆ ಸ್ಪ್ರಿಂಗ್ ಎಷ್ಟು ಬಾಗುತ್ತದೆ ಎಂಬುದು ಅದರ ಅಳತೆಗಳನ್ನೂ ಉಕ್ಕಿನ ಯಂಗ್ ಗುಣಾಂಕವನ್ನೂ, ಅಂದರೆ ಆ ಲೋಹದ ಸಹಜ ಬಿಗಿಯನ್ನೂ, ಅವಲಂಬಿಸಿದೆ. ಈ ಗುಣಾಂಕ ಮೆತ್ತನೆಯ ಉಕ್ಕಿಗೂ ಗಡಸು ಮಾಡಿದ ಉಕ್ಕಿಗೂ ಹೆಚ್ಚುಕಡಿಮೆ ಒಂದೇ, ಸುಮಾರು 2,00,000 ಮೆಗಾಪಾಸ್ಕಲ್ (ಇಂತಿಷ್ಟು ಜಾಗದ ಮೇಲೆ ಬೀಳುವ ಬಲದ ಅಳತೆ). ಆದ್ದರಿಂದ ಬಿಗಿಯನ್ನು ಹೆಚ್ಚಿಸಬೇಕಾದರೆ ಪಟ್ಟಿಯ ದಪ್ಪವನ್ನೋ ಪಟ್ಟಿಗಳ ಸಂಖ್ಯೆಯನ್ನೋ ಹೆಚ್ಚಿಸಬೇಕು. ಭಟ್ಟಿಯಲ್ಲಿ ನಾವು ಬದಲಿಸುವುದು ಬೇರೆಯದನ್ನು: ಸ್ಪ್ರಿಂಗ್ ಎಷ್ಟು ದೂರ ಬಾಗಿದ ಮೇಲೂ ಮೊದಲಿನ ಆಕಾರಕ್ಕೆ ಮರಳಬಲ್ಲದು ಎಂಬ ಸ್ಥಿತಿಸ್ಥಾಪಕ ಮಿತಿಯನ್ನು. ಉಕ್ಕು ತನ್ನಲ್ಲಿ ಹಿಡಿದಿಟ್ಟು ಹಿಂದಿರುಗಿಸುವ ಶಕ್ತಿ ಈ ಮಿತಿಯ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಏರುತ್ತದೆ. 250 ಮೆಗಾಪಾಸ್ಕಲ್‌ನಲ್ಲಿ ಸೋಲುವ ಸಾದಾ ಕಟ್ಟಡದ ಉಕ್ಕಿಗೂ 1400 ಮೆಗಾಪಾಸ್ಕಲ್ ತಾಳುವ ಹದಗೊಂಡ ಸ್ಪ್ರಿಂಗ್ ಉಕ್ಕಿಗೂ ಈ ಶಕ್ತಿಯಲ್ಲಿ ಸುಮಾರು 30 ಪಟ್ಟು ವ್ಯತ್ಯಾಸವಿದೆ, ತೂಕ ಮಾತ್ರ ಎರಡಕ್ಕೂ ಒಂದೇ.

ಹಾಗಿದ್ದರೆ ಬಲವೊಂದಿದ್ದರೆ ಸಾಲದೇ, ಎಂದೂ ಉದ್ದಕ್ಕೆ ಎಳೆದು ಹಿಗ್ಗಿಸದ ಸ್ಪ್ರಿಂಗಿಗೆ ತನ್ಯತೆ, ಅಂದರೆ ಮುರಿಯದೆ ಹಿಗ್ಗುವ ಗುಣ, ಏಕೆ ಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಪ್ರತಿ ಪಟ್ಟಿಯ ಮೇಲೂ ಎಲ್ಲೋ ಒಂದು ಗೀರು, ಒಂದು ತುಕ್ಕಿನ ಕುಳಿ, ಉಕ್ಕಿನೊಳಗೆ ಉಳಿದ ಕಸರಿನ ಒಂದು ಕಣ ಇದ್ದೇ ಇರುತ್ತದೆ. ಅಲ್ಲಿ ಎಳೆತವು ಸರಾಸರಿಗಿಂತ ಹಲವು ಪಟ್ಟು ಹೆಚ್ಚುತ್ತದೆ. ತನ್ಯತೆಯುಳ್ಳ ಉಕ್ಕು ಆ ಸೂಕ್ಷ್ಮ ಜಾಗದಲ್ಲಿ ಕಿಂಚಿತ್ತು ಸರಿದು ಬಿರುಕಿನ ಮೊನೆಯನ್ನು ಮೊಂಡಾಗಿಸುತ್ತದೆ. ಪೆಡಸಾದ ಉಕ್ಕಿಗೆ ಅಷ್ಟು ಸರಿಯಲು ಬಾರದು, ಬಿರುಕು ನೇರವಾಗಿ ಮುಂದೆ ಓಡುತ್ತದೆ. ಬಲವನ್ನು ಏರಿಸಿದಂತೆ ಸಾಮಾನ್ಯವಾಗಿ ತನ್ಯತೆ ಇಳಿಯುತ್ತದೆ ಎಂಬುದು ನಿಜ. ಆದರೆ ಒಂದೇ ಬಲದ ಮಟ್ಟದಲ್ಲಿ ಹೆಚ್ಚು ತನ್ಯತೆಯನ್ನು ಪಡೆಯುವ ದಾರಿಗಳಿವೆ, ಮತ್ತು ಅವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಯಂತ್ರಗಳು ಬೇಕಿಲ್ಲ.

ನಮ್ಮ ಕಡೆ ಹೆಚ್ಚಾಗಿ ಬಳಕೆಯಲ್ಲಿರುವ ಸ್ಪ್ರಿಂಗ್ ಉಕ್ಕುಗಳಲ್ಲಿ ಇಎನ್ 45 ಎಂಬುದು ಸಿಲಿಕಾನ್ ಮತ್ತು ಮ್ಯಾಂಗನೀಸ್ ಬೆರೆತದ್ದು. ಅದರಲ್ಲಿ ಇಂಗಾಲ 0.5ರಿಂದ 0.6 ಪ್ರತಿಶತ, ಸಿಲಿಕಾನ್ 1.5ರಿಂದ 2 ಪ್ರತಿಶತ ಇರುತ್ತದೆ. ಇಎನ್ 47 ಎಂಬುದು ಕ್ರೋಮಿಯಂ ಮತ್ತು ವೆನೇಡಿಯಂ ಬೆರೆತದ್ದು. ಕ್ರೋಮಿಯಂ ಇರುವ 5160 ಎಂಬ ದರ್ಜೆ, ಅದಕ್ಕೆ ಹತ್ತಿರವಾದ ಎಸ್‌ಯುಪಿ 9 ಲಾರಿಗಳ ಕಮಾನು ಪಟ್ಟಿಗಳಲ್ಲಿ ಕಾಣುತ್ತವೆ. ಇಂಗಾಲವು ಉಕ್ಕು ಎಷ್ಟರ ಮಟ್ಟಿಗೆ ಗಡಸಾಗಬಲ್ಲದು ಎಂಬುದನ್ನು ನಿರ್ಧರಿಸಿದರೆ, ಮ್ಯಾಂಗನೀಸ್ ಮತ್ತು ಕ್ರೋಮಿಯಂ ಆ ಗಡಸುತನ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ನಿರ್ಧರಿಸುತ್ತವೆ. ಸಿಲಿಕಾನ್ ಮಾಡುವ ಕೆಲಸಕ್ಕೆ ಮುಂದೆ ಬರುತ್ತೇನೆ. ಗುಜರಿಯಿಂದ ತಂದ, ಯಾವ ದರ್ಜೆಯೆಂದು ತಿಳಿಯದ ಪಟ್ಟಿಗೆ ಯಾವ ಹದವನ್ನೂ ಭರವಸೆಯಿಂದ ಹೇಳಲಾಗದು. ಅಂಥ ಕಡೆ ಒಂದು ತುಂಡನ್ನು ರಾಸಾಯನಿಕ ಪರೀಕ್ಷೆಗೆ ಕಳಿಸುವ ಖರ್ಚು ವ್ಯರ್ಥವಲ್ಲ.

ಇನ್ನು ಕಾಯಿಸುವ ಹಂತ. 727 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಉಕ್ಕಿನ ಹರಳುಗಳ ಜೋಡಣೆ ಬದಲಾಗತೊಡಗಿ, ಇಂಗಾಲವನ್ನು ಕರಗಿಸಿಕೊಳ್ಳಬಲ್ಲ ಆಸ್ಟೆನೈಟ್ ಎಂಬ ರೂಪ ಬರುತ್ತದೆ. ಸ್ಪ್ರಿಂಗ್ ಉಕ್ಕುಗಳಿಗೆ ಇದು ಪೂರ್ಣವಾಗಿ ಆಗಬೇಕಾದರೆ ದರ್ಜೆಗೆ ತಕ್ಕಂತೆ 830ರಿಂದ 880 ಡಿಗ್ರಿಯವರೆಗೆ ಕಾಯಿಸಬೇಕು. ಕುಲುಮೆಯಲ್ಲಿ ಆಯಸ್ಕಾಂತ ಹಿಡಿದು ನೋಡುವವರಿದ್ದಾರೆ. ಉಕ್ಕು ಅಯಸ್ಕಾಂತಕ್ಕೆ ಅಂಟದಂತಾಗುವುದು 770 ಡಿಗ್ರಿಯ ಆಸುಪಾಸಿನಲ್ಲಿ. ಅಲ್ಲಿಂದ ಇನ್ನೂ 60ರಿಂದ 100 ಡಿಗ್ರಿ ಮೇಲೇರಬೇಕು ಎಂದು ನೆನಪಿಟ್ಟರೆ ಆ ಪರೀಕ್ಷೆ ಉಪಯುಕ್ತವೇ. ಆದರೆ ಎಷ್ಟು ಮೇಲೇರಿದೆವು ಎಂಬುದನ್ನು ಅದು ಹೇಳುವುದಿಲ್ಲ, ಮತ್ತು ಹಾನಿ ಹೆಚ್ಚಾಗಿ ಆಗುವುದು ಅಲ್ಲಿಯೇ. 900 ದಾಟಿ ಬಹಳ ಹೊತ್ತು ನಿಂತ ಉಕ್ಕಿನಲ್ಲಿ ಹರಳುಗಳು ದಪ್ಪಗಾಗುತ್ತವೆ. ಉಕ್ಕಿನ ಬಲವನ್ನೂ ತಾಳಿಕೆಯನ್ನೂ ಒಟ್ಟಿಗೆ ಹೆಚ್ಚಿಸುವ ಉಪಾಯಗಳು ಬೆರಳೆಣಿಕೆಯವು, ಅವುಗಳಲ್ಲಿ ಮುಖ್ಯವಾದದ್ದು ಹರಳುಗಳನ್ನು ಸಣ್ಣದಾಗಿ ಇಟ್ಟುಕೊಳ್ಳುವುದು. ಇಎನ್ 47ರಲ್ಲಿರುವ ಅಲ್ಪ ವೆನೇಡಿಯಂ ಈ ಕೆಲಸಕ್ಕಾಗಿಯೇ ಇದೆ: ಅದು ಇಂಗಾಲದೊಡನೆ ಸೇರಿ ಆಗುವ ಸೂಕ್ಷ್ಮ ಕಾರ್ಬೈಡ್ ಕಣಗಳು ಹರಳಿನ ಗಡಿಗಳನ್ನು ಹಿಡಿದು ನಿಲ್ಲಿಸುತ್ತವೆ. ಹೊತ್ತಾಯಿತೆಂದು ಭಟ್ಟಿಯ ಉಷ್ಣತೆಯನ್ನು ಏರಿಸಿ ಬೇಗ ಮುಗಿಸುವ ಅಭ್ಯಾಸ ಈ ಎಲ್ಲ ಲಾಭವನ್ನೂ ಕಳೆದುಬಿಡುತ್ತದೆ.

ಕಾಯಿಸುವಾಗ ಕಣ್ಣಿಗೆ ಕಾಣದಂತೆ ನಡೆಯುವ ಇನ್ನೊಂದು ನಷ್ಟವೆಂದರೆ ಮೇಲ್ಮೈಯಿಂದ ಇಂಗಾಲ ಸುಟ್ಟುಹೋಗುವುದು. ಗಾಳಿ ಹೆಚ್ಚಾಗಿರುವ ಎಣ್ಣೆ ಭಟ್ಟಿಯಲ್ಲಿ ಪಟ್ಟಿಯ ಮೇಲಿನ ಒಂದೆರಡು ದಶಾಂಶ ಮಿಲಿಮೀಟರ್ ಪದರ ಇಂಗಾಲವಿಲ್ಲದ ಮೆತ್ತನೆಯ ಕಬ್ಬಿಣವಾಗಿ ಉಳಿಯುತ್ತದೆ. ಪಟ್ಟಿ ಬಾಗಿದಾಗ ಅತಿ ಹೆಚ್ಚಿನ ಎಳೆತ ಬೀಳುವುದು ಮೇಲ್ಮೈಯ ಮೇಲೆಯೇ ಆದ್ದರಿಂದ, ಎಲ್ಲಕ್ಕಿಂತ ಗಟ್ಟಿಯಾಗಿರಬೇಕಾದ ಜಾಗ ಎಲ್ಲಕ್ಕಿಂತ ದುರ್ಬಲವಾಗುತ್ತದೆ. ಮತ್ತೆ ಮತ್ತೆ ಭಾರ ಬಿದ್ದು ಆಗುವ ಲೋಹದ ದಣಿವಿನಿಂದ ಹುಟ್ಟುವ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಸಿಲಿಕಾನ್ ಹೆಚ್ಚಿರುವ ಇಎನ್ 45 ಈ ವಿಷಯದಲ್ಲಿ ಉಳಿದವುಗಳಿಗಿಂತ ಹೆಚ್ಚು ಸೂಕ್ಷ್ಮ. ಗಡಸುತನ ಪರೀಕ್ಷಿಸುವ ಮೊದಲು ನಾವು ಮೇಲ್ಮೈಯನ್ನು ಉಜ್ಜಿ ತೆಗೆಯುತ್ತೇವೆ, ಆದ್ದರಿಂದ ಯಂತ್ರಕ್ಕೆ ಈ ದೋಷ ಸಿಗುವುದೇ ಇಲ್ಲ. ಒಂದು ತುಂಡನ್ನು ಅಡ್ಡಕ್ಕೆ ಕತ್ತರಿಸಿ, ಪಾಲಿಶ್ ಮಾಡಿ, ನೈಟ್ರಿಕ್ ಆಮ್ಲದ ತೆಳು ದ್ರಾವಣ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಚಿನ ಬಿಳಿ ಪದರ ಎದ್ದು ಕಾಣುತ್ತದೆ. ಪರಿಹಾರ ಸರಳವಾದದ್ದು: ಬೇಕಾದಷ್ಟೇ ಹೊತ್ತು ಕಾಯಿಸುವುದು, ಬರ್ನರ್‌ಗೆ ಗಾಳಿ ಮಿತಿಮೀರದಂತೆ ನೋಡಿಕೊಳ್ಳುವುದು, ಸಣ್ಣ ಮಾಲಾದರೆ ಇದ್ದಿಲ ಪುಡಿ ತುಂಬಿದ ಪೆಟ್ಟಿಗೆಯಲ್ಲಿ ಇಡುವುದು.

ಕಾದ ಉಕ್ಕನ್ನು ಎಣ್ಣೆಯಲ್ಲಿ ಅದ್ದುವ ಕ್ಷಣಗಳು ಇಡೀ ಕೆಲಸದಲ್ಲಿ ಅತ್ಯಂತ ಚಿಕ್ಕವು, ಮತ್ತು ನನ್ನ ಎಣಿಕೆಯಲ್ಲಿ ಅತ್ಯಂತ ನಿರ್ಣಾಯಕವಾದವು. ಆಸ್ಟೆನೈಟ್ ನಿಧಾನವಾಗಿ ತಣಿದರೆ ಇಂಗಾಲಕ್ಕೆ ಹೊರಬರಲು ಸಮಯ ಸಿಕ್ಕಿ, ಮೆತ್ತನೆಯ ಪರ್ಲೈಟ್ ಆಗುತ್ತದೆ. ವೇಗವಾಗಿ ತಣಿದರೆ ಇಂಗಾಲ ಹರಳಿನೊಳಗೇ ಸಿಕ್ಕಿಕೊಂಡು, ಸುಮಾರು 250 ಡಿಗ್ರಿಯ ಕೆಳಗೆ ಮಾರ್ಟೆನ್ಸೈಟ್ ಎಂಬ ಅತಿ ಗಡಸಾದ ರೂಪ ಹುಟ್ಟುತ್ತದೆ. ಜರ್ಮನಿಯ ಲೋಹತಜ್ಞ ಅಡಾಲ್ಫ್ ಮಾರ್ಟೆನ್ಸ್ ಅವರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಅದ್ದಿದ ಕೂಡಲೇ ಪಟ್ಟಿಯ ಸುತ್ತ ಎಣ್ಣೆಯ ಆವಿಯ ಹೊದಿಕೆ ಮೂಡುತ್ತದೆ. ಚೆನ್ನಾಗಿ ಕಾದ ರೊಟ್ಟಿ ಹಂಚಿನ ಮೇಲೆ ನೀರಿನ ಹನಿ ಬಿದ್ದಾಗ ಅದು ಕೂಡಲೇ ಆರಿಹೋಗದೆ ತೇಲಾಡುವುದಕ್ಕೂ ಇಂಥದೇ ಆವಿಯ ಪದರ ಕಾರಣ. ಈ ಹೊದಿಕೆ ಇರುವ ತನಕ ಶಾಖ ಹೊರಹೋಗುವುದು ನಿಧಾನ. ಎಣ್ಣೆಯನ್ನು ಪಂಪಿನಿಂದ ಕಲಕುತ್ತಿದ್ದರೆ ಹೊದಿಕೆ ಬೇಗ ಹರಿದು, ಕುದಿಯುವ ಹಂತದಲ್ಲಿ ಪಟ್ಟಿ ವೇಗವಾಗಿ ತಣಿಯುತ್ತದೆ. ನಿಂತ ಎಣ್ಣೆಯಲ್ಲಿ, ಅದರಲ್ಲೂ ಒಂದಕ್ಕೊಂದು ತಾಗಿದಂತೆ ಪಟ್ಟಿಗಳನ್ನು ಗುಂಪಾಗಿ ಇಳಿಸಿದಾಗ, ಹೊರಗಿನವು ಗಡಸಾಗಿ ಒಳಗಿನವು ಅರೆಬರೆಯಾಗಿ ಉಳಿಯುತ್ತವೆ. ಎಣ್ಣೆಯನ್ನು ತೀರ ತಣ್ಣಗೆ ಇಡುವುದಕ್ಕಿಂತ 50ರಿಂದ 70 ಡಿಗ್ರಿಯಲ್ಲಿ ಇಟ್ಟರೆ ಅದು ತೆಳುವಾಗಿ ಚೆನ್ನಾಗಿ ಹರಿದಾಡುತ್ತದೆ. ಅದರೊಳಗೆ ನೀರು ಸೇರಲು ಎಂದೂ ಬಿಡಬಾರದು. ತಳದಲ್ಲಿ ನಿಂತ ನೀರು ಪಟ್ಟಿಯಲ್ಲಿ ಸೀಳು ಹುಟ್ಟಿಸುತ್ತದೆ, ಅಷ್ಟೇ ಅಲ್ಲದೆ ಒಮ್ಮೆಲೇ ಆವಿಯಾಗಿ ಕಾದ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸಿ, ಹತ್ತಿರ ನಿಂತವರ ಜೀವಕ್ಕೂ ಕುತ್ತು ತರುತ್ತದೆ.

ಮೊದಲು ಹೇಳಿದ ಎರಡು ಪಟ್ಟಿಗಳ ಗುಟ್ಟು ಇಲ್ಲಿದೆ. 0.55ರಿಂದ 0.6 ಪ್ರತಿಶತ ಇಂಗಾಲದ ಉಕ್ಕು ಪೂರ್ತಿ ಮಾರ್ಟೆನ್ಸೈಟ್ ಆಗಿದ್ದರೆ, ಅದ್ದಿ ತೆಗೆದ ಮೇಲೆ, ಹದ ಹಾಕುವ ಮೊದಲೇ, ಅದರ ಗಡಸುತನ ರಾಕ್‌ವೆಲ್ ಸಿ 60 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. 52 ಬಂತೆಂದರೆ ನಡುನಡುವೆ ಪರ್ಲೈಟ್ ಅಥವಾ ಒರಟು ಬೈನೈಟ್ (ನಡುವಿನ ಉಷ್ಣತೆಯಲ್ಲಿ ಹುಟ್ಟುವ ರೂಪ) ಸೇರಿದೆ ಎಂದೇ ಅರ್ಥ. ಮೊದಲನೆಯದನ್ನು 450 ಡಿಗ್ರಿಯ ಸುತ್ತಮುತ್ತ ಹದಗೊಳಿಸಿದರೆ 44 ಬರುತ್ತದೆ. ಎರಡನೆಯದನ್ನು ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಹದಗೊಳಿಸಿದರೂ 44 ಬರುತ್ತದೆ. ಯಂತ್ರ ಎರಡನ್ನೂ ಒಪ್ಪುತ್ತದೆ. ಆದರೆ ಎರಡನೆಯದರಲ್ಲಿ ಮೆತ್ತನೆಯ ಭಾಗಗಳು ಬೇಗ ಸೋಲುವುದರಿಂದ ಸ್ಥಿತಿಸ್ಥಾಪಕ ಮಿತಿ ತಗ್ಗಿರುತ್ತದೆ, ಕಡಿಮೆ ಹದಗೊಂಡ ಭಾಗಗಳು ಪೆಡಸಾಗಿ ಉಳಿದಿರುತ್ತವೆ. ಅಂದರೆ ಬಲವೂ ಕಡಿಮೆ, ತನ್ಯತೆಯೂ ಕಡಿಮೆ. ಆದ್ದರಿಂದ ನನ್ನ ಆಗ್ರಹ ಇಷ್ಟು: ಪ್ರತಿ ಭಟ್ಟಿ ಮಾಲಿನಲ್ಲೂ ಹದ ಹಾಕುವ ಮೊದಲಿನ ಗಡಸುತನವನ್ನು, ಸಾಧ್ಯವಿದ್ದರೆ ಒಂದು ತುಂಡನ್ನು ತಣ್ಣಗೆ ಕತ್ತರಿಸಿ ನಡುಭಾಗದ ಗಡಸುತನವನ್ನೂ, ರಿಜಿಸ್ಟರಿನಲ್ಲಿ ಬರೆದಿಡಿ. ಈ ಒಂದು ಕಾಲಮ್ಮನ್ನು ಸೇರಿಸಲು ಒಂದು ರೂಪಾಯಿಯೂ ಖರ್ಚಿಲ್ಲ, ಮತ್ತು ಗ್ರಾಹಕರು ಕೇಳದಿದ್ದರೂ ಅದನ್ನು ಇಡುವ ಕಾರ್ಖಾನೆಯ ಮಾಲನ್ನು ನಾನು ನಂಬುತ್ತೇನೆ.

ಅದ್ದಿದ ಉಕ್ಕನ್ನು ನಾಳೆ ನೋಡೋಣವೆಂದು ರಾತ್ರಿಯಿಡೀ ಬಿಡಬಾರದು. ಮಾರ್ಟೆನ್ಸೈಟ್ ಆಗುವಾಗ ಉಕ್ಕು ಹಿಗ್ಗುವುದರಿಂದ ಒಳಗೆ ಭಾರೀ ಎಳೆತ ಉಳಿದಿರುತ್ತದೆ. ಕೈಗೆ ಬೆಚ್ಚಗಾಗುವಷ್ಟು ತಣಿದ ಕೂಡಲೇ ಹದದ ಭಟ್ಟಿಗೆ ಹೋಗಬೇಕು. ಹದ ಹಾಕಿದಾಗ ಏನಾಗುತ್ತದೆ ಎಂಬುದನ್ನು 5160 ಉಕ್ಕಿನ ಪ್ರಾತಿನಿಧಿಕ ಅಂಕಿಗಳಿಂದ ನೋಡಬಹುದು. ಸುಮಾರು 205 ಡಿಗ್ರಿಯಲ್ಲಿ ಹದಗೊಂಡಾಗ ಗರಿಷ್ಠ ಬಲ 2200 ಮೆಗಾಪಾಸ್ಕಲ್‌ನಷ್ಟು, ಆದರೆ ಮುರಿಯುವ ಮೊದಲು ಹಿಗ್ಗುವುದು 4 ಪ್ರತಿಶತ ಮಾತ್ರ. 425 ಡಿಗ್ರಿಯಲ್ಲಿ ಬಲ 1600ಕ್ಕೆ ಇಳಿಯುತ್ತದೆ, ಹಿಗ್ಗುವಿಕೆ 10 ಪ್ರತಿಶತಕ್ಕೆ ಏರುತ್ತದೆ. 540 ಡಿಗ್ರಿಯಲ್ಲಿ ಬಲ 1170ಕ್ಕೆ ಬರುತ್ತದೆ, ಹಿಗ್ಗುವಿಕೆ ಮಾತ್ರ 12ಕ್ಕಷ್ಟೇ ಮುಟ್ಟುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು: 205 ಡಿಗ್ರಿಯಲ್ಲಿ ಉಕ್ಕು ಶಾಶ್ವತವಾಗಿ ಬಾಗತೊಡಗುವ ಮಿತಿ ಗರಿಷ್ಠ ಬಲದ 80 ಪ್ರತಿಶತದಷ್ಟಿದ್ದರೆ, 425 ಡಿಗ್ರಿಯಲ್ಲಿ ಅದು 90 ಪ್ರತಿಶತ ಮುಟ್ಟುತ್ತದೆ. ಸ್ಪ್ರಿಂಗಿಗೆ ಬೇಕಾದದ್ದು ಈ ಮಿತಿಯೇ ಆದ್ದರಿಂದ, 400ರಿಂದ 500 ಡಿಗ್ರಿಯ ಹದವು ಎರಡೂ ಗುಣಗಳು ಉತ್ತಮವಾಗಿ ಸೇರುವ ಜಾಗವಾಗಿದೆ. ಅಲ್ಲಿಂದ ಮುಂದೆ ಬಲ ಪ್ರತಿ ಡಿಗ್ರಿಗೆ ಸುಮಾರು 4 ಮೆಗಾಪಾಸ್ಕಲ್‌ನಂತೆ ಕರಗುತ್ತದೆ. ಭಟ್ಟಿಯ ಒಂದು ಮೂಲೆ ಇನ್ನೊಂದಕ್ಕಿಂತ 25 ಡಿಗ್ರಿ ಬಿಸಿಯಾಗಿದ್ದರೆ ಒಂದೇ ಮಾಲಿನೊಳಗೆ 100 ಮೆಗಾಪಾಸ್ಕಲ್ ವ್ಯತ್ಯಾಸ ಬಂದಂತಾಯಿತು.

ಈ ಕಾರಣದಿಂದಲೇ ಹದದ ಭಟ್ಟಿಯೊಳಗೆ ಗಾಳಿ ತಿರುಗಿಸುವ ಫ್ಯಾನ್ ಇರಲೇಬೇಕು ಎಂದು ಹೇಳುತ್ತೇನೆ. 850 ಡಿಗ್ರಿಯಲ್ಲಿ ಗೋಡೆಗಳ ಕೆಂಪು ಶಾಖ ತಾನಾಗಿಯೇ ಎಲ್ಲೆಡೆ ತಲುಪುತ್ತದೆ; 450ರಲ್ಲಿ ಆ ವಿಕಿರಣ ಬಹಳ ಕಡಿಮೆ, ಶಾಖವನ್ನು ಹೊತ್ತೊಯ್ಯಬೇಕಾದದ್ದು ಗಾಳಿ. ಬಣ್ಣ ನೋಡಿ ಹದ ಹೇಳುವ ಹಳೆಯ ಪದ್ಧತಿ ಉಳಿ ಮತ್ತು ಚಾಕುವಿಗೆ ಒಗ್ಗುತ್ತದೆ, ಏಕೆಂದರೆ ಹುಲ್ಲಿನ ಹಳದಿಯಿಂದ ನೀಲಿಯವರೆಗಿನ ಬಣ್ಣಗಳು 220ರಿಂದ 310 ಡಿಗ್ರಿಯೊಳಗೇ ಮುಗಿಯುತ್ತವೆ. ದಪ್ಪ ಕಮಾನು ಪಟ್ಟಿಯ ಹದ ಅದಕ್ಕಿಂತ ಬಹಳ ಮೇಲಿದೆ.

ನೀಲಿ ಬಣ್ಣದ ಆ ಜಾಗದಲ್ಲಿ ಇನ್ನೊಂದು ಅಪಾಯವೂ ಅಡಗಿದೆ. ಅನೇಕ ಉಕ್ಕುಗಳು ಸುಮಾರು 250ರಿಂದ 400 ಡಿಗ್ರಿಯ ನಡುವೆ ಹದಗೊಂಡಾಗ ಗಡಸುತನ ಇಳಿದರೂ ಪೆಟ್ಟು ತಾಳುವ ಗುಣ ಹೆಚ್ಚುವ ಬದಲು ಕುಗ್ಗುತ್ತದೆ. ಸಿಮೆಂಟೈಟ್, ಅಂದರೆ ಕಬ್ಬಿಣದ ಕಾರ್ಬೈಡ್, ತೆಳುವಾದ ಹಾಳೆಗಳಾಗಿ ಹರಳುಗಳ ಗಡಿಯಲ್ಲಿ ಮೂಡುವುದು ಇದಕ್ಕೆ ಮುಖ್ಯ ಕಾರಣ. ಸಿಲಿಕಾನ್ ತನ್ನ ದೊಡ್ಡ ಉಪಕಾರವನ್ನು ಮಾಡುವುದು ಇಲ್ಲಿ. ಅದು ಸಿಮೆಂಟೈಟ್‌ನಲ್ಲಿ ಕರಗದೆ ಅದರ ಹುಟ್ಟನ್ನೇ ತಡೆಹಿಡಿಯುವುದರಿಂದ, ಈ ಪೆಡಸು ವಲಯ ಮೇಲಿನ ಉಷ್ಣತೆಗೆ ಸರಿಯುತ್ತದೆ, ಮತ್ತು ಹೆಚ್ಚು ಕಾಯಿಸಿದರೂ ಉಕ್ಕು ಬೇಗ ಮೆತ್ತಗಾಗುವುದಿಲ್ಲ. ಕಾರು, ಲಾರಿಗಳ ಸ್ಪ್ರಿಂಗುಗಳು ವರ್ಷಗಟ್ಟಲೆ ಭಾರ ಹೊತ್ತರೂ ಕುಸಿಯದಿರಲು ಸಿಲಿಕಾನ್ ನೆರವಾಗುವುದು ಹೀಗೆ. ಇದಲ್ಲದೆ ರಂಜಕ, ತವರದಂಥ ಕಲ್ಮಶಗಳಿರುವ ಉಕ್ಕು ಹದದ ನಂತರ ಭಟ್ಟಿಯೊಳಗೇ ನಿಧಾನವಾಗಿ ಆರಿದರೆ ಪೆಡಸಾಗುವುದುಂಟು. ಹದ ಮುಗಿದ ಮಾಲನ್ನು ಹೊರತೆಗೆದು ಬೇಗ ಆರಿಸುವುದು ಒಳ್ಳೆಯ ರೂಢಿ.

ಎಣ್ಣೆ ಮತ್ತು ಹದ ಎಂಬ ಈ ಜೋಡಿಯ ಹೊರತಾಗಿ ಬೇರೆ ದಾರಿಗಳೂ ಇವೆ. 1930ರಲ್ಲಿ ಅಮೆರಿಕದ ಡೇವನ್‌ಪೋರ್ಟ್ ಮತ್ತು ಎಡ್ಗರ್ ಬೇನ್ ಅವರು ಆಸ್ಟೆನೈಟನ್ನು ಮಾರ್ಟೆನ್ಸೈಟ್‌ವರೆಗೆ ಇಳಿಸದೆ ನಡುವಿನ ಉಷ್ಣತೆಯಲ್ಲೇ ಹಿಡಿದಿಟ್ಟಾಗ ಹುಟ್ಟುವ ರಚನೆಯನ್ನು ವಿವರಿಸಿದರು, ಅದೇ ಬೈನೈಟ್. 850 ಡಿಗ್ರಿಯಿಂದ ನೇರವಾಗಿ 320 ಡಿಗ್ರಿಯ ಸುತ್ತಮುತ್ತಲಿನ ಕರಗಿದ ಉಪ್ಪಿನ ತೊಟ್ಟಿಗೆ ಇಳಿಸಿ, ರೂಪಾಂತರ ಮುಗಿಯುವ ತನಕ ಅಲ್ಲೇ ಇಟ್ಟರೆ, 48 ಅಥವಾ 50ರ ಗಡಸುತನದಲ್ಲೂ ಸಾಮಾನ್ಯ ಹದಕ್ಕಿಂತ ಹೆಚ್ಚು ತನ್ಯತೆ ಸಿಗುತ್ತದೆ, ಸೊಟ್ಟಾಗುವುದೂ ಕಡಿಮೆ. ಕ್ಲಿಪ್ಪು, ಸರ್ಕ್ಲಿಪ್ಪು, ಸ್ಪ್ರಿಂಗ್ ವಾಷರಿನಂಥ ತೆಳು ಮಾಲಿಗೆ ಇದು ಹೇಳಿಮಾಡಿಸಿದ್ದು. ದಪ್ಪ ಹೆಚ್ಚಿದಂತೆ ಉಪ್ಪಿನ ತೊಟ್ಟಿ ಸಾಕಷ್ಟು ವೇಗವಾಗಿ ತಣಿಸಲಾರದು. 2003ರಲ್ಲಿ ಜಾನ್ ಸ್ಪೀರ್ ಮತ್ತು ಸಂಗಡಿಗರು ಮುಂದಿಟ್ಟ ಇನ್ನೊಂದು ವಿಧಾನದಲ್ಲಿ ಮಾರ್ಟೆನ್ಸೈಟ್ ಅರ್ಧದಲ್ಲೇ ನಿಲ್ಲುವಂತೆ ತಣಿಸಿ, ಮತ್ತೆ ಕೊಂಚ ಕಾಯಿಸಿ, ಇಂಗಾಲವು ಉಳಿದ ಆಸ್ಟೆನೈಟಿಗೆ ಸರಿಯುವಂತೆ ಮಾಡುತ್ತಾರೆ. ಹೀಗೆ ಸ್ಥಿರವಾದ ಆಸ್ಟೆನೈಟ್ ಎಳೆತ ಬಿದ್ದಲ್ಲಿ ತಾನೇ ಮಾರ್ಟೆನ್ಸೈಟಾಗಿ ಬಿರುಕನ್ನು ತಡೆಯುತ್ತದೆ. ಕಾರ್ಬೈಡ್ ಹುಟ್ಟದಂತೆ ತಡೆಯುವ ಸಿಲಿಕಾನ್ ಇದಕ್ಕೆ ಬೇಕಾದ್ದರಿಂದ ಸಿಲಿಕಾನ್ ಸ್ಪ್ರಿಂಗ್ ಉಕ್ಕುಗಳು ಈ ವಿಧಾನಕ್ಕೆ ಸಹಜವಾಗಿ ಒಗ್ಗುತ್ತವೆ. ಇಲ್ಲಿರುವ ವಿದ್ಯಾರ್ಥಿಗಳು ಪ್ರಾಜೆಕ್ಟಿಗಾಗಿ ಇದನ್ನು ಕೈಗೆತ್ತಿಕೊಳ್ಳಲಿ. ಆದರೆ ಉಷ್ಣತೆಯನ್ನು ಕೆಲವೇ ಡಿಗ್ರಿಯೊಳಗೆ ಹಿಡಿಯಲಾಗದ ಕಾರ್ಖಾನೆ ಮೊದಲು ತನ್ನ ಎಣ್ಣೆ ತೊಟ್ಟಿಯನ್ನೂ ಹದದ ಭಟ್ಟಿಯನ್ನೂ ಸರಿಪಡಿಸಿಕೊಳ್ಳುವುದೇ ಹೆಚ್ಚು ಫಲಕಾರಿ.

ಭಟ್ಟಿಯ ಕೆಲಸ ಮುಗಿದ ಮೇಲೆ ಶಾಟ್ ಪೀನಿಂಗ್ ಮಾಡಿದರೆ, ಉಕ್ಕಿನ ಸಣ್ಣ ಗುಂಡುಗಳ ಪೆಟ್ಟಿನಿಂದ ಮೇಲ್ಮೈಯಲ್ಲಿ ಒತ್ತು ಉಳಿದು, ಬಾಗುವಾಗಿನ ಎಳೆತವನ್ನು ಅಷ್ಟರಮಟ್ಟಿಗೆ ಕಳೆಯುತ್ತದೆ. ಕಮಾನು ಪಟ್ಟಿಯಲ್ಲಿ ಎಳೆತ ಬೀಳುವುದು ಕಮಾನಿನ ಒಳಮೈಗೆ. ಪೆಟ್ಟೂ ಅಲ್ಲಿಯೇ ಬೀಳಬೇಕು. ಸತುವಿನ ಲೇಪನ ಮಾಡಿಸುವ ಸ್ಪ್ರಿಂಗುಗಳಲ್ಲಿ ಆಮ್ಲದಿಂದಲೂ ಲೇಪನದಿಂದಲೂ ಜಲಜನಕ ಉಕ್ಕಿನೊಳಗೆ ಸೇರಿ, ಏನೂ ಭಾರವಿಲ್ಲದಂತೆ ಕಂಡರೂ ಕೆಲವು ದಿನಗಳ ನಂತರ ತಟ್ಟನೆ ಮುರಿಯುವಂತೆ ಮಾಡುತ್ತದೆ. ಲೇಪನವಾದ ಕೆಲವೇ ಗಂಟೆಗಳೊಳಗೆ 200 ಡಿಗ್ರಿಯ ಸುತ್ತಮುತ್ತ ಹಲವು ಗಂಟೆ ಬೇಯಿಸಿ ಆ ಜಲಜನಕವನ್ನು ಹೊರಹಾಕಬೇಕು.

ನಮ್ಮ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ನಡೆಯುವ ಒಂದು ಕೆಲಸವನ್ನೂ ಇಲ್ಲಿ ಹೇಳಲೇಬೇಕು. ಕುಸಿದ ಕಮಾನು ಪಟ್ಟಿಯನ್ನು ಗ್ಯಾಸ್ ಜ್ವಾಲೆಯಿಂದ ಒಂದೇ ಜಾಗದಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುವುದು, ಮುರಿದದ್ದನ್ನು ವೆಲ್ಡಿಂಗ್ ಮಾಡಿ ಕೂಡಿಸುವುದು ಎರಡೂ ಅಪಾಯಕಾರಿ. ಕಾದ ಜಾಗದ ನಡುವೆ ಹದ ಪೂರ್ತಿ ಹೋಗಿರುತ್ತದೆ. ವೆಲ್ಡಿಂಗ್ ಪಕ್ಕದಲ್ಲಿ ಸುತ್ತಲಿನ ತಣ್ಣನೆಯ ಲೋಹವೇ ಶಾಖ ಹೀರಿ ಹದವಿಲ್ಲದ ಪೆಡಸು ಮಾರ್ಟೆನ್ಸೈಟನ್ನು ಹುಟ್ಟಿಸುತ್ತದೆ. ತುಂಬಿದ ಕಬ್ಬಿನ ಲಾರಿಯ ಕೆಳಗೆ ಅಂಥ ಪಟ್ಟಿ ಇರುವುದು ಚಾಲಕನಿಗೂ ದಾರಿಹೋಕರಿಗೂ ಒಳ್ಳೆಯದಲ್ಲ.

ಉಪನ್ಯಾಸದ ನಂತರ ಹಲವರು ಪ್ರಶ್ನೆ ಕೇಳಿದರು. ಎಣ್ಣೆ ದುಬಾರಿ, ನೀರಿನಲ್ಲಿ ಅದ್ದಬಹುದೇ ಎಂದು ಒಬ್ಬರು ಕೇಳಿದಾಗ, ಇಷ್ಟು ಇಂಗಾಲ ಮತ್ತು ಮಿಶ್ರಲೋಹವಿರುವ ಉಕ್ಕಿಗೆ ಬರಿಯ ನೀರು ಸೀಳು ತರುತ್ತದೆಂದೂ, ಪಾಲಿಮರ್ ಬೆರೆಸಿದ ನೀರನ್ನು ಬಳಸುವುದಾದರೆ ಅದರ ಪ್ರಮಾಣವನ್ನು ನಿಯಮಿತವಾಗಿ ಅಳೆಯುವ ಶಿಸ್ತು ಬೇಕೆಂದೂ ಹೇಳಿದೆ. ಹಳೆಯ, ಕುಸಿದ ಪಟ್ಟಿಗಳಿಗೆ ಮತ್ತೆ ಕಮಾನು ಕೊಟ್ಟು, ಪೂರ್ತಿ ಕಾಯಿಸಿ, ಎಣ್ಣೆಗಿಳಿಸಿ, ಹದ ಹಾಕಿ ಬಳಸಬಹುದೇ ಎಂಬುದು ಇನ್ನೊಬ್ಬರ ಪ್ರಶ್ನೆ. ಹದವನ್ನು ಮರಳಿ ತರಬಹುದು, ಆದರೆ ಈಗಾಗಲೇ ಹುಟ್ಟಿರುವ ದಣಿವಿನ ಬಿರುಕನ್ನು ಯಾವ ಶಾಖವೂ ಕೂಡಿಸುವುದಿಲ್ಲ. ಆದ್ದರಿಂದ ಮೊದಲು ಬಿರುಕನ್ನು ಎತ್ತಿ ತೋರಿಸುವ ಮ್ಯಾಗ್ನೆಟಿಕ್ ಪಾರ್ಟಿಕಲ್ ಅಥವಾ ಡೈ ಪರೀಕ್ಷೆಯಿಂದ ತೂತು ಮತ್ತು ಒಳಮೈಯನ್ನು ನೋಡಬೇಕು. ಜೊತೆಗೆ ತುಕ್ಕು ಮತ್ತು ಸಿಪ್ಪೆಯಿಂದ ಕರಗಿದ ದಪ್ಪವನ್ನೂ ಅಳೆಯಬೇಕು, ಏಕೆಂದರೆ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಇಳಿಯುತ್ತದೆ: 10 ಮಿಲಿಮೀಟರಿನ ಪಟ್ಟಿ 9.5ಕ್ಕೆ ಬಂದಿದ್ದರೆ ಸುಮಾರು 14 ಪ್ರತಿಶತ ಬಿಗಿ ಹೋಗಿದೆ, ಅದನ್ನು ಭಟ್ಟಿ ಹಿಂದಿರುಗಿಸಲಾರದು. ಎರಡೂ ಪರೀಕ್ಷೆಯಲ್ಲಿ ಸರಿಯಿದ್ದ ಕೆಳಗಿನ ಪಟ್ಟಿಗಳನ್ನು ಮತ್ತೆ ಹದಗೊಳಿಸಿ ಬಳಸಬಹುದು; ತುದಿಗಳಲ್ಲಿ ಸುರುಳಿಯಾದ ಕಣ್ಣಿರುವ ಮೇಲಿನ ಮುಖ್ಯ ಪಟ್ಟಿಯನ್ನು ಮಾತ್ರ ಹೊಸದನ್ನೇ ಹಾಕಿಸಿ ಎಂದು ಅವರಿಗೆ ಹೇಳಿದೆ.